ಪೋಸ್ಟರಿಗೆಷ್ಟು, ಟೀಸರಿಗೆಷ್ಟು: ಕಲಾತಂಡಗಳು ಎಐ ಬಳಕೆಯ ಕರೆಂಟು, ನೀರಿನ ಲೆಕ್ಕ ಇಡುವ ಬಗೆ

ನಾಟಕದ ಪೋಸ್ಟರ್, ಯಕ್ಷಗಾನ ಪ್ರದರ್ಶನದ ಪ್ರಚಾರದ ವಿಡಿಯೊ, ಪತ್ರಿಕೆಗೆ ಬೇಕಾದ ಚಿತ್ರ, ಹಳೆಯ ಕ್ಯಾಸೆಟ್ಟಿನ ಮಾತನ್ನು ಬರಹಕ್ಕಿಳಿಸುವುದು, ಇವಕ್ಕೆಲ್ಲ ಈಗ ಎಐ ಬಂದು ಕೂತಿದೆ. ಒಂದು ಪ್ರಶ್ನೆ ಕೇಳಿದರೆ ಅರ್ಧ ಲೀಟರ್ ನೀರು ಖರ್ಚು ಎಂದು ಹೆದರುವವರಿದ್ದಾರೆ. ಎಲ್ಲ ಕ್ಲೌಡಿನಲ್ಲಿ ನಡೆಯುತ್ತದೆ, ನಮಗೇನು ಎನ್ನುವವರೂ ಇದ್ದಾರೆ. ಇಬ್ಬರೂ ಲೆಕ್ಕ ಹಾಕಿ ನೋಡಿರುವುದಿಲ್ಲ. ಲೆಕ್ಕ ಕಷ್ಟದ್ದಲ್ಲ. ಒಂದು ಪ್ರಯೋಗಕ್ಕೆ ಒಂದು ಪುಟ ಸಾಕು, ಕೂಡಿಸುವುದು ಗುಣಿಸುವುದು ಬಂದರೆ ಸಾಕು.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ಬಳಸಿದ ವಿದ್ಯುತ್ ಸುಮಾರು 415 ಟೆರಾವಾಟ್-ಅವರ್ (ಒಂದು ಟೆರಾವಾಟ್-ಅವರ್ ಎಂದರೆ ನೂರು ಕೋಟಿ ಯೂನಿಟ್), ಅಂದರೆ ಜಗತ್ತಿನ ಒಟ್ಟು ಬಳಕೆಯ ಶೇ 1.5ರಷ್ಟು. 2030ರ ಹೊತ್ತಿಗೆ ಇದು 945ಕ್ಕೆ ಏರಬಹುದು. ಇದೆಲ್ಲವೂ ಎಐ ಅಲ್ಲ, ಆದರೆ ಏರಿಕೆಗೆ ಮುಖ್ಯ ಕಾರಣ ಎಐ. ಕಲೆಯ ಪಾಲನ್ನು ಕಡೆಗಣಿಸುವಂತಿಲ್ಲ. 2025ರ ಮಾರ್ಚಿನಲ್ಲಿ ಜಪಾನಿ ಅನಿಮೇಷನ್ ಶೈಲಿಯ ಫೋಟೊ ಮಾಡಿಸಿಕೊಳ್ಳುವ ಗೀಳು ಹಬ್ಬಿದಾಗ, ನಮ್ಮ ಜಿಪಿಯುಗಳು (ಎಐ ಲೆಕ್ಕ ಮಾಡುವ ಚಿಪ್ಪುಗಳು) ಕರಗುತ್ತಿವೆ ಎಂದು ಓಪನ್‌ಎಐ ಮುಖ್ಯಸ್ಥರೇ ಹೇಳಿ, ಚಿತ್ರ ಮಾಡಿಕೊಡುವುದಕ್ಕೆ ಮಿತಿ ಹಾಕಬೇಕಾಯಿತು.

1. ಮೊದಲು ಕೆಲಸಗಳನ್ನು ಬೇರೆ ಬೇರೆ ಮಾಡಿ

ಎಐ ಬಳಕೆ ಎಂದು ಎಲ್ಲವನ್ನೂ ಒಟ್ಟಿಗೆ ಕಟ್ಟಿದರೆ ಲೆಕ್ಕ ಅಲ್ಲೇ ಕೆಡುತ್ತದೆ. ಬರಹ, ಚಿತ್ರ, ವಿಡಿಯೊ ಈ ಮೂರರ ನಡುವಿನ ಅಂತರ ಎರಡು ಪಟ್ಟು, ಮೂರು ಪಟ್ಟಿನದಲ್ಲ. ಹತ್ತು, ಸಾವಿರ ಪಟ್ಟಿನದು.

ಬರಹಕ್ಕೆ: ಒಂದು ಸಾಧಾರಣ ಪ್ರಶ್ನೋತ್ತರಕ್ಕೆ 0.24 ವಾಟ್-ಅವರ್ ಎಂದು ಗೂಗಲ್ 2025ರ ಆಗಸ್ಟಿನಲ್ಲಿ ಪ್ರಕಟಿಸಿತು. ಓಪನ್‌ಎಐ ಹೇಳಿದ್ದು 0.34. ನಿಮ್ಮ ಲೆಕ್ಕಕ್ಕೆ 0.3 ಇಟ್ಟುಕೊಳ್ಳಿ. ಸಾವಿರ ವಾಟ್-ಅವರ್ ಸೇರಿದರೆ ಒಂದು ಯೂನಿಟ್.

ಚಿತ್ರಕ್ಕೆ: ಹಗ್ಗಿಂಗ್ ಫೇಸ್ ಎಂಬ ಎಐ ಕಂಪನಿ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಅಳೆದಾಗ ಸಾವಿರ ಚಿತ್ರಕ್ಕೆ ಸರಾಸರಿ 2.9 ಯೂನಿಟ್ ಬಂತು. ಒಂದಕ್ಕೆ ಸುಮಾರು 3 ವಾಟ್-ಅವರ್. ಅವರು ಅಳೆದವುಗಳಲ್ಲಿ ತೀರಾ ದುಬಾರಿಯಾದದ್ದು ಒಂದು ಚಿತ್ರಕ್ಕೆ 11 ದಾಟಿತ್ತು, ಹೆಚ್ಚುಕಡಿಮೆ ಒಂದು ಮೊಬೈಲ್ ಪೂರ್ತಿ ಚಾರ್ಜ್ ಮಾಡುವಷ್ಟು.

ವಿಡಿಯೊಗೆ: 2025ರ ಮೇ ತಿಂಗಳಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪ್ರಕಟಿಸಿದ ಅಳತೆಯಲ್ಲಿ ಕಾಗ್‌ವಿಡಿಯೊಎಕ್ಸ್ ಎಂಬ ಮುಕ್ತ ಎಐ ಮಾದರಿಯ (ಮಾಡೆಲ್) ಹಳೆಯ ಆವೃತ್ತಿ, ಸೆಕೆಂಡಿಗೆ 8 ಫ್ರೇಮಿನ ಮಸುಕು ಕ್ಲಿಪ್ಪಿಗೆ ಸುಮಾರು 30 ವಾಟ್-ಅವರ್ ತೆಗೆದುಕೊಂಡಿತು. ಅದಾಗಿ ಮೂರೇ ತಿಂಗಳಿಗೆ ಬಂದ ಹೊಸ ಆವೃತ್ತಿ, 16 ಫ್ರೇಮಿನ 5 ಸೆಕೆಂಡ್ ಕ್ಲಿಪ್ಪಿಗೆ ತೆಗೆದುಕೊಂಡದ್ದು ಸುಮಾರು 944. ಸ್ವಲ್ಪ ಚಂದ ಕಾಣಲಿ ಎಂಬ ಆಸೆಗೆ ಮೂವತ್ತು ಪಟ್ಟು ಬೆಲೆ.

2. ತಂಡದಲ್ಲಿ ಒಂದೇ ಪಟ್ಟಿ ಇಡಿ

ಹಂಚಿಕೊಂಡ ಒಂದು ಸ್ಪ್ರೆಡ್‌ಶೀಟ್ ಸಾಕು. ಕಾಲಂಗಳು ಇವು: ದಿನಾಂಕ, ಯಾರು, ಯಾವ ಕೆಲಸ, ಯಾವ ತಂತ್ರಾಂಶ, ಒಟ್ಟು ಎಷ್ಟು ಸಲ ಮಾಡಿಸಿದ್ದು, ಬಳಸಿಕೊಂಡದ್ದು ಎಷ್ಟು. ಕೊನೆಯ ಎರಡು ಕಾಲಂಗಳೇ ಮುಖ್ಯ. ಎಲ್ಲರೂ ತಪ್ಪುವುದು ಇಲ್ಲಿಯೇ: ಪೋಸ್ಟರಿಗೆ ಹಾಕಿದ ಒಂದು ಚಿತ್ರವನ್ನು ಬರೆದಿಟ್ಟು, ಎಸೆದ ಎಪ್ಪತ್ತೊಂಬತ್ತನ್ನು ಮರೆತುಬಿಡುತ್ತಾರೆ. ಹಲವು ತಂತ್ರಾಂಶಗಳು ಒಂದು ಸಲ ಕೇಳಿದರೆ ನಾಲ್ಕು ಚಿತ್ರ ಕೊಡುತ್ತವೆ. ಅದು ನಾಲ್ಕು, ಒಂದಲ್ಲ. ಮರೆತಿದ್ದರೆ ಖಾತೆಯ ಹಿಸ್ಟರಿ ತೆರೆದು ಎಣಿಸಿ.

3. ಗುಣಿಸಿ ನೋಡಿ

ಒಂದು ಹವ್ಯಾಸಿ ರಂಗತಂಡದ ಹೊಸ ನಾಟಕ ಎಂದುಕೊಳ್ಳಿ. ಪ್ರಕಟಣೆ, ಪತ್ರ, ಸಾರಾಂಶ, ಇಂಗ್ಲಿಷ್ ಸಬ್‌ಟೈಟಲ್ ಸೇರಿ 300 ಪ್ರಶ್ನೋತ್ತರ: 300 × 0.3 = 90 ವಾಟ್-ಅವರ್. ಪೋಸ್ಟರಿಗೆ 80 ಚಿತ್ರ: 80 × 3 = 240 ವಾಟ್-ಅವರ್. ಅರ್ಧ ನಿಮಿಷದ ಟೀಸರಿಗೆ 5 ಸೆಕೆಂಡಿನ 6 ಕ್ಲಿಪ್, ಒಂದೊಂದಕ್ಕೆ 5 ಪ್ರಯತ್ನ: 30 × 944 = 28,320 ವಾಟ್-ಅವರ್.

ಸಾವಿರದಿಂದ ಭಾಗಿಸಿದರೆ ಕರೆಂಟ್ ಬಿಲ್ಲಿನ ಯೂನಿಟ್ ಸಿಗುತ್ತದೆ. ಬರಹಕ್ಕೆ 0.09 ಯೂನಿಟ್, ಚಿತ್ರಕ್ಕೆ 0.24, ಟೀಸರಿಗೆ 28.3. ಹಳೆಯ ಆವೃತ್ತಿಯಂಥ ಹಗುರ ಮಾದರಿಯಲ್ಲಿ ಅದೇ ಟೀಸರ್ 0.9 ಯೂನಿಟ್ಟಿಗೆ ಮುಗಿಯುತ್ತದೆ. ವಿಡಿಯೊ ಅಂಕಿಯನ್ನು ಬರೆಯುವಾಗ 0.9ರಿಂದ 28 ಯೂನಿಟ್ ಎಂದು ಎರಡು ತುದಿಯನ್ನೂ ಬರೆಯಿರಿ.

28 ಯೂನಿಟ್ ಎಂದರೆ ರಂಗದವರಿಗೆ ಹೀಗೆ ತಿಳಿಯುತ್ತದೆ: 1000 ವಾಟಿನ ಹಳೆಯ ಪಾರ್ ದೀಪ 12 ಹಚ್ಚಿ ಎರಡೂವರೆ ಗಂಟೆ ಪೂರ್ತಿ ಉರಿಸಿದರೆ 30 ಯೂನಿಟ್. ಅರ್ಧ ನಿಮಿಷದ ಟೀಸರ್ ಒಂದು ಪ್ರದರ್ಶನದ ಬೆಳಕಿನಷ್ಟು ನುಂಗಬಲ್ಲದು. ಬರಹದ ಲೆಕ್ಕವೋ, 50 ವಾಟಿನ ಲ್ಯಾಪ್‌ಟಾಪನ್ನು ಎರಡು ಗಂಟೆ ತೆರೆದಿಟ್ಟಷ್ಟೂ ಅಲ್ಲ. ಆದ್ದರಿಂದ ಪತ್ರ ಬರೆಸಿದ್ದಕ್ಕೆ ಯಾರನ್ನೂ ಆಕ್ಷೇಪಿಸಬೇಡಿ, ವಿಡಿಯೊ ಮೇಲೆ ಕಣ್ಣಿಡಿ.

4. ಇಂಗಾಲ, ನೀರು

ಭಾರತದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕ. ಮೇಲಿನ ಉದಾಹರಣೆಗೆ 28.6 × 0.7 = ಸುಮಾರು 20 ಕಿಲೊ. ಅಣುವಿದ್ಯುತ್ತೇ ಹೆಚ್ಚಿರುವ ಫ್ರಾನ್ಸಿನಲ್ಲಿ ಇದರ ಹತ್ತನೇ ಒಂದು ಪಾಲೂ ಆಗುವುದಿಲ್ಲ.

ಕಂಪನಿ ಕೊಟ್ಟ ಇಂಗಾಲದ ಅಂಕಿಗೂ ನೀವು ಗುಣಿಸಿದ್ದಕ್ಕೂ ತಾಳೆಯಾಗದೆ ಹೋಗಬಹುದು. ಗೂಗಲ್ ಪ್ರಕಾರ ಆ 0.24 ವಾಟ್-ಅವರಿಗೆ 0.03 ಗ್ರಾಂ. ಭಾರತದ ಗ್ರಿಡ್ ದರದಲ್ಲಿ ಗುಣಿಸಿದರೆ 0.17 ಗ್ರಾಂ. ಕಂಪನಿ ತಾನು ಕೊಂಡ ಹಸಿರು ವಿದ್ಯುತ್ತಿನ ಒಪ್ಪಂದಗಳನ್ನು ಕಳೆದು ಹೇಳುತ್ತದೆ, ನೀವು ಗ್ರಿಡ್ಡಿನ ಸರಾಸರಿಯಲ್ಲಿ ಹೇಳುತ್ತೀರಿ. ಯಾವ ಬಗೆ ಎಂದು ಬರೆದಿಡಿ, ಎರಡನ್ನೂ ಒಂದೇ ಮೊತ್ತದಲ್ಲಿ ಕೂಡಿಸಬೇಡಿ.

ನೀರಿನ ಅಂಕಿಗಳು ಇನ್ನೂ ಗೊಂದಲದವು. ಗೂಗಲ್ ಹೇಳುವುದು ಒಂದು ಉತ್ತರಕ್ಕೆ 0.26 ಮಿಲಿಲೀಟರ್, ಅಂದರೆ ಐದು ಹನಿ. ಫ್ರಾನ್ಸಿನ ಎಐ ಕಂಪನಿ ಮಿಸ್ತ್ರಾಲ್ ಹೇಳಿದ್ದು ಒಂದು ಪುಟದಷ್ಟು ಉತ್ತರಕ್ಕೆ 45 ಮಿಲಿಲೀಟರ್. ಆ ಪ್ರಸಿದ್ಧ ಅರ್ಧ ಲೀಟರ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಸಂಶೋಧಕರದು. ಜಿಪಿಟಿ-3ರ ಕಾಲದ 10ರಿಂದ 50 ಉತ್ತರಗಳಿಗೆ ಸೇರಿ ಹೇಳಿದ್ದು, ಒಂದು ಉತ್ತರಕ್ಕಲ್ಲ. ವಿದ್ಯುತ್ ತಯಾರಿಸುವಾಗ ಆವಿಯಾಗುವ ನೀರನ್ನೂ ಸೇರಿಸಿಕೊಂಡ ಲೆಕ್ಕ ಅದು. ಗೂಗಲಿನದು ಡೇಟಾ ಸೆಂಟರ್ ತಂಪಾಗಿಸುವ ನೀರಷ್ಟೇ. ನಿಮ್ಮ ಪಟ್ಟಿಯಲ್ಲಿ ನೀರಿಗೆ ಮೊತ್ತ ಬರೆಯುವ ಬದಲು ವಿದ್ಯುತ್ ಇಳಿಸಿ, ನೀರು ತಾನಾಗಿ ಇಳಿಯುತ್ತದೆ.

ನೀರಿನ ಪ್ರಶ್ನೆ ಬೆಂಗಳೂರಿನವರಿಗೆ ಪುಸ್ತಕದ ವಿಷಯವಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಜನ ಟ್ಯಾಂಕರಿಗೆ ಕಾದರು. ಇಲ್ಲಿನ ಕಾವೇರಿ ನೀರು ಸುಮಾರು ನೂರು ಕಿಲೊಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುತ್ತದೆ, ಅದಕ್ಕೂ ಕರೆಂಟು ಬೇಕು. ಇಂಥ ಊರಿನ ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಯಂತ್ರ ಹಿಡಿಯುವುದಾದರೆ, ಶುದ್ಧೀಕರಿಸಿದ ಒಳಚರಂಡಿ ನೀರು ಬಳಸುತ್ತೀರಾ ಎಂದು ಕೇಳಿಯೇ ಹಿಡಿಯಿರಿ.

5. ಚಿತ್ರ: ಉಳಿತಾಯದ ಮೊದಲ ಜಾಗ ಕನ್ನಡ ಅಕ್ಷರ

ಕನ್ನಡದ ಪೋಸ್ಟರುಗಳಲ್ಲಿ ಅತಿ ಹೆಚ್ಚು ಚಿತ್ರಗಳು ಹಾಳಾಗುವುದು ಅಕ್ಷರಕ್ಕಾಗಿ. ಶೀರ್ಷಿಕೆಯನ್ನೂ ಎಐ ಬರೆಯಲಿ ಎಂದು ಕೇಳುತ್ತಾರೆ. ಒತ್ತಕ್ಷರ ಪಕ್ಕಕ್ಕೆ ಜಾರುತ್ತದೆ, 'ಷ್ಟ್ರ' ಗುರುತೇ ಸಿಗದ ಗೆರೆಯಾಗುತ್ತದೆ, ದೀರ್ಘ ಮಾಯವಾಗುತ್ತದೆ. ಸರಿಮಾಡಿಸಲು ಮತ್ತೆ ಮತ್ತೆ ಒತ್ತುತ್ತಾ ಹೋದರೆ ಐವತ್ತು ಚಿತ್ರ ಅಲ್ಲೇ ಹೋಯಿತು. ಇಂಥ ಮಾದರಿಗಳು ಕಲಿತ ಚಿತ್ರಗಳಲ್ಲಿ ಕನ್ನಡ ಬರಹ ತೀರಾ ಕಡಿಮೆ. ಅವು ಅಕ್ಷರವನ್ನು ಆಕಾರವಾಗಿ ಬಿಡಿಸುತ್ತವೆ, ಕಾಗುಣಿತವಾಗಿ ಜೋಡಿಸುವುದಿಲ್ಲ.

ಮದ್ದು ಸುಲಭ. ಚಿತ್ರ ಕೇಳುವಾಗಲೇ ಅಕ್ಷರ ಬೇಡ, ಮೇಲಿನ ಮೂರನೇ ಒಂದು ಭಾಗ ಖಾಲಿ ಇರಲಿ ಎಂದು ಕೇಳಿ. ಶೀರ್ಷಿಕೆಯನ್ನು ಇಂಕ್‌ಸ್ಕೇಪ್ ಅಥವಾ ಗಿಂಪ್‌ನಲ್ಲಿ ಯುನಿಕೋಡ್ ಫಾಂಟಿನಲ್ಲಿ ನೀವೇ ಹಾಕಿ; ಕೈಬರಹದ ಶೀರ್ಷಿಕೆ ಬರೆಯುವ ಕಲಾವಿದರು ಊರಲ್ಲಿದ್ದರೆ ಅದಕ್ಕಿಂತ ಚಂದ ಇನ್ನೊಂದಿಲ್ಲ. ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಒತ್ತು ಒಡೆದು ಕಂಡರೆ ಫಾಂಟನ್ನು ದೂರಬೇಡಿ. ಟೈಪ್ ಸೆಟ್ಟಿಂಗಿನಲ್ಲಿ ಪಠ್ಯದ ಎಂಜಿನ್ನನ್ನು 'ವರ್ಲ್ಡ್-ರೆಡಿ' ಎಂಬುದಕ್ಕೆ ಬದಲಿಸಿದರೆ ಕೂಡಿಕೊಳ್ಳುತ್ತದೆ.

ಎರಡನೆಯದು ಅಳತೆ. ಈ ಮಾದರಿಗಳು ಗದ್ದಲದಂಥ ಚುಕ್ಕಿಗಳಿಂದ ಶುರುಮಾಡಿ ಹಂತಹಂತವಾಗಿ ಚಿತ್ರವನ್ನು ತಿಳಿಗೊಳಿಸುತ್ತವೆ. ಹಂತ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು. ಬದಿಯ ಅಳತೆ ಎರಡು ಪಟ್ಟಾದರೆ ಪಿಕ್ಸೆಲ್ ನಾಲ್ಕು ಪಟ್ಟು, ಖರ್ಚೂ ಹಲವು ಮಾದರಿಗಳಲ್ಲಿ ಅಷ್ಟೇ ಏರಬಹುದು. ಆದ್ದರಿಂದ ಕರಡು 512 × 512ರಲ್ಲಿ, 4 ಹಂತದಲ್ಲೇ ಮುಗಿಸುವ ಟರ್ಬೊ ಮಾದರಿಯಲ್ಲಿ ಮಾಡಿ. ಮೆಚ್ಚಿಗೆಯಾದದ್ದನ್ನೇ ಮೂಲಚಿತ್ರವಾಗಿ ಕೊಟ್ಟು, ಬದಲಾವಣೆಯ ಬಲ (ಸ್ಟ್ರೆಂತ್ ಎಂಬ ಸೆಟ್ಟಿಂಗ್) 0.3ರಿಂದ 0.5ರ ಒಳಗಿಟ್ಟು, ದೊಡ್ಡ ಮಾದರಿಯಲ್ಲಿ 1024ಕ್ಕೆ ಒಂದೇ ಸಲ ಮಾಡಿಸಿ. ಅದೇ ಸೀಡ್ ಸಂಖ್ಯೆ (ಶುರುವಿನ ಚುಕ್ಕಿಗಳನ್ನು ನಿರ್ಧರಿಸುವ ಅಂಕಿ) ಕೊಟ್ಟು ಅಳತೆ ಮಾತ್ರ ಹಿಗ್ಗಿಸಿದರೆ ಅದೇ ಚಿತ್ರ ಬರುವುದಿಲ್ಲ, ಶುರುವಿನ ಚುಕ್ಕಿಗಳೇ ಬೇರೆಯಾಗುತ್ತವೆ; ಹಲವರು ಇಲ್ಲಿ ಎಡವಿ ಮತ್ತೆ ಮೊದಲಿಂದ ಶುರುಮಾಡುತ್ತಾರೆ. ಹಾಗೆಯೇ 1024ಕ್ಕೆಂದು ತರಬೇತಾದ ಚಿತ್ರಮಾದರಿ ಎಸ್‌ಡಿಎಕ್ಸ್‌ಎಲ್‌ನಂಥದ್ದನ್ನು 512ರಲ್ಲಿ ಓಡಿಸಿದರೆ ತಲೆ ಕತ್ತರಿಸಿದಂತೆ ಬರುತ್ತದೆ, ಕರಡಿಗೆ ಅದು ಬೇಡ.

ಎ3 ಪೋಸ್ಟರಿಗೆ 300 ಡಿಪಿಐನಲ್ಲಿ 3508 × 4961 ಪಿಕ್ಸೆಲ್ ಬೇಕು. ಅದನ್ನು ನೇರವಾಗಿ ಎಐಯಿಂದ ಕೇಳಬೇಡಿ. ರಿಯಲ್-ಇಎಸ್‌ಆರ್‌ಗ್ಯಾನ್‌ನಂಥ ಹಿಗ್ಗಿಸುವ ತಂತ್ರಾಂಶದಿಂದ 4 ಪಟ್ಟು ಮಾಡಿದರೆ 1024ರ ಬದಿ ಒಂದೇ ಓಟಕ್ಕೆ 4096 ಆಗುತ್ತದೆ, ಎ3 ಉದ್ದಕ್ಕೆ ಸುಮಾರು 250 ಡಿಪಿಐ. ರಸ್ತೆಬದಿಯ ಬ್ಯಾನರಿಗೆ 72ರಿಂದ 100 ಡಿಪಿಐ ಧಾರಾಳ. ಆ ಬ್ಯಾನರ್ ಬಟ್ಟೆಯದಾಗಿರಲಿ: ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಿಂದಲೇ ನಿಷೇಧವಿದೆ. ಎಐ ಚಿತ್ರದ ಕೆಲವು ವಾಟ್ ಉಳಿಸಿ ಫ್ಲೆಕ್ಸಿನಲ್ಲಿ ಮುದ್ರಿಸಿದರೆ ಪರಿಸರಕ್ಕೆ ಏನೂ ಬಂದಂತಾಗಲಿಲ್ಲ.

ಒಂದೇ ಶೈಲಿಯ ಚಿತ್ರ ವರ್ಷವಿಡೀ ಬೇಕಾದ ಪತ್ರಿಕೆಗೆ ಲೋರಾ ತರಬೇತಿ, ಅಂದರೆ ಇರುವ ಮಾದರಿಗೆ ಒಂದು ಶೈಲಿಯನ್ನು ಚಿಕ್ಕ ಜೋಡಣೆಯಾಗಿ ಕಲಿಸುವುದು, ಲಾಭದ್ದು. ಒಬ್ಬ ಕಲಾವಿದರ ಲಿಖಿತ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು, ಅವರ 20ರಿಂದ 30 ಚಿತ್ರಗಳಿಂದ ಕಲಿಸಿದರೆ 250 ವಾಟ್ ಎಳೆಯುವ ಯಂತ್ರದಲ್ಲಿ ಒಂದೂವರೆ ಗಂಟೆಗೆ 0.4 ಯೂನಿಟ್ಟಿನೊಳಗೆ ಮುಗಿಯುತ್ತದೆ. ಶೈಲಿ ಒಮ್ಮೆ ಕೂತರೆ ಪ್ರತಿ ಸಂಚಿಕೆಗೆ ಹತ್ತಾರು ಪ್ರಯತ್ನ ತಪ್ಪುತ್ತದೆ. ಒಪ್ಪಿಗೆಯಿಲ್ಲದೆ ಮಾಡುವುದಾದರೆ ಈ ಉಳಿತಾಯಕ್ಕೆ ಅರ್ಥವಿಲ್ಲ.

6. ವಿಡಿಯೊ

ಮೊದಲ ಪ್ರಶ್ನೆ: ಇದು ಬೇಕೇ? ತಾಲೀಮಿನ ಅರ್ಧ ನಿಮಿಷದ ಮೊಬೈಲ್ ಚಿತ್ರೀಕರಣ ನಾಟಕದ ಬಗ್ಗೆ ಹೇಳುವಷ್ಟನ್ನು ಎಐ ಕ್ಲಿಪ್ ಹೇಳುವುದಿಲ್ಲ. ಬೇಕೇ ಆದರೆ ಸ್ಟೋರಿಬೋರ್ಡನ್ನು ಸ್ಥಿರಚಿತ್ರಗಳಲ್ಲಿ ಮುಗಿಸಿ, ಎಲ್ಲರೂ ಒಪ್ಪಿದ ಮೇಲೆ ಆ ಚಿತ್ರವನ್ನೇ ಮೊದಲ ಫ್ರೇಮಾಗಿ ಕೊಟ್ಟು ಚಲಿಸಿ. ಪ್ರಯತ್ನ ಐದರಿಂದ ಎರಡಕ್ಕೆ ಇಳಿದರೆ ಮೇಲಿನ 28 ಯೂನಿಟ್ 11ಕ್ಕೆ ಇಳಿಯಿತು. ಆರರಲ್ಲಿ ಮೂರು ಶಾಟಿಗೆ ನಿಂತ ಚಿತ್ರದ ಮೇಲೆ ಕ್ಯಾಮೆರಾ ಸರಿದಂತೆ ಎಡಿಟಿಂಗಿನಲ್ಲೇ ಮಾಡಿದರೆ ಇನ್ನರ್ಧ ಹೋಯಿತು. ಮೊಬೈಲಿನಲ್ಲಿ ನೋಡುವ ರೀಲಿಗೆ 720 ಸಾಕು.

7. ಕನ್ನಡ ಬರಹಕ್ಕೆ ಹೆಚ್ಚು ಬೀಳುವುದೇಕೆ

ಭಾಷಾ ಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಓದುತ್ತವೆ, ಖರ್ಚಾಗುವುದು ತುಂಡಿನ ಲೆಕ್ಕದಲ್ಲಿ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ 3. 'ಕನ್ನಡ' ಎಂಬ ಪದವನ್ನೇ ಬಿಡಿಸಿ: ಕ, ನ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ (್), ನ, ಡ. ಐದು ಚಿಹ್ನೆ, 15 ಬೈಟ್. ಹಳೆಯ ಮಾದರಿಗಳು ಕನ್ನಡವನ್ನು ಬೈಟಿನ ಹತ್ತಿರದವರೆಗೂ ಪುಡಿಮಾಡುತ್ತಿದ್ದವು. ಹೊಸವು ಸುಧಾರಿಸಿವೆಯಾದರೂ ಅದೇ ವಿಷಯಕ್ಕೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ಬೀಳುತ್ತದೆ. ಬಳಸುವ ಮಾದರಿಯ ಟೋಕನೈಸರ್ ಪುಟದಲ್ಲಿ ನಿಮ್ಮದೇ ಒಂದು ಪ್ಯಾರಾ ಹಾಕಿ ಎಣಿಸಿ, ಇಂಗ್ಲಿಷ್ ಅನುವಾದದೊಂದಿಗೆ ಹೋಲಿಸಿ. ಬಂದ ಅನುಪಾತದಿಂದ 0.3ನ್ನು ಗುಣಿಸಿಕೊಳ್ಳಿ.

ಇದರರ್ಥ ಇಂಗ್ಲಿಷಿಗೆ ಹೊರಳಬೇಕೆಂದಲ್ಲ. ಕೇಳುವ ಬಗೆ ಬದಲಿಸಿದರೆ ಸಾಕು. 60 ಪುಟದ ಹಸ್ತಪ್ರತಿಯನ್ನು ತಿದ್ದಿ ಪೂರ್ತಿ ಮರಳಿ ಕೊಡು ಎನ್ನಬೇಡಿ; ತಪ್ಪಿರುವ ಸಾಲು ಮತ್ತು ತಿದ್ದುಪಡಿ ಮಾತ್ರ ಕೊಡು ಎನ್ನಿ. ಖರ್ಚಿನ ದೊಡ್ಡ ಪಾಲು ಉತ್ತರ ಬರೆಯುವಾಗ ಆಗುತ್ತದೆ. ಒಂದೇ ಸಂಭಾಷಣೆಯನ್ನು ದಿನಗಟ್ಟಲೆ ಎಳೆಯಬೇಡಿ, ಪ್ರತಿ ಸಲವೂ ಹಿಂದಿನದೆಲ್ಲ ಅದರ ಜೊತೆಗೇ ಹೋಗುತ್ತದೆ. 'ಆಳವಾಗಿ ಯೋಚಿಸು' ಎಂಬ ಗುಂಡಿಯನ್ನು ಪ್ರಕಟಣೆ ಬರೆಸಲು ಒತ್ತಬೇಡಿ: ಹೀಗೆ ಯೋಚಿಸುವ ಮಾದರಿಗಳು ಚುಟುಕಾಗಿ ಉತ್ತರಿಸುವವುಗಳ 50 ಪಟ್ಟಿನವರೆಗೂ ಇಂಗಾಲ ಉಗುಳಬಲ್ಲವೆಂದು 2025ರಲ್ಲಿ ಮ್ಯೂನಿಕ್‌ನ ಸಂಶೋಧಕರು ತೋರಿಸಿದ್ದಾರೆ.

8. ಹಳೆಯ ಪುಸ್ತಕ, ಹಳೆಯ ಧ್ವನಿ

ಸಂಗ್ರಹ ಕೆಲಸದಲ್ಲಿ ಎಐಯಿಂದ ನಿಜಕ್ಕೂ ದೊಡ್ಡ ಉಪಕಾರವಿದೆ, ಹಾಗಾಗಿ ಇಲ್ಲಿ ಕೈ ಬಿಗಿಹಿಡಿಯುವುದಕ್ಕಿಂತ ಸರಿಯಾದ ಗಾತ್ರದ ಸಾಧನ ಆರಿಸುವುದು ಮುಖ್ಯ. ಪುಟಗಳನ್ನು 300 ಡಿಪಿಐನಲ್ಲಿ ಬೂದುಬಣ್ಣದಲ್ಲಿ ಸ್ಕ್ಯಾನ್ ಮಾಡಿ, ವಾಲಿದ್ದನ್ನು ನೇರಮಾಡಿ, ಮೊದಲು ಪುಟದ ಚಿತ್ರದಿಂದ ಅಕ್ಷರ ಓದುವ (ಓಸಿಆರ್) ತಂತ್ರಾಂಶವಾದ ಟೆಸೆರಾಕ್ಟ್‌ನ ಕನ್ನಡ ಮಾದರಿಗೆ ಕೊಡಿ. ಅದು ಜಿಪಿಯು ಇಲ್ಲದ ಮಾಮೂಲಿ ಕಂಪ್ಯೂಟರಿನಲ್ಲೇ ಓಡುತ್ತದೆ. ಮೊಳೆ ಸವೆದು ಅಚ್ಚು ಮಸುಕಾದ ಪುಟಗಳನ್ನು ಮಾತ್ರ ದೊಡ್ಡ ಮಾದರಿಗೆ ಕಳಿಸಿ.

ಧ್ವನಿಗೆ ವಿಸ್ಪರ್ (ಮಾತನ್ನು ಬರಹಕ್ಕಿಳಿಸುವ ಎಐ ಮಾದರಿ) ಬಳಸುವವರು ಒಂದು ವಿಷಯ ತಿಳಿದಿರಬೇಕು. ಮೌನ ಮತ್ತು ಸಂಗೀತದ ಜಾಗದಲ್ಲಿ ಅದು ಇಲ್ಲದ ಮಾತನ್ನು ಕಲ್ಪಿಸಿ ಬರೆಯುತ್ತದೆ. ತಾಳಮದ್ದಲೆಯ ನಾಲ್ಕು ಗಂಟೆಯ ಧ್ವನಿಮುದ್ರಣವನ್ನು ಹಾಗೇ ಕೊಟ್ಟರೆ ಭಾಗವತಿಕೆ, ಚೆಂಡೆಯ ಹೊತ್ತಿನಲ್ಲೆಲ್ಲ ಕಸ ತುಂಬುತ್ತದೆ, ಕರೆಂಟೂ ಹೋಗುತ್ತದೆ. ಅರ್ಥಗಾರಿಕೆಯ ಭಾಗವನ್ನು ಧ್ವನಿ ಎಡಿಟ್ ಮಾಡುವ ಆಡಾಸಿಟಿಯಲ್ಲಿ ಮೊದಲೇ ಕತ್ತರಿಸಿಕೊಂಡು ಅದನ್ನಷ್ಟೇ ಕೊಡಿ. ಕನ್ನಡಕ್ಕೆ ಚಿಕ್ಕ ವಿಸ್ಪರ್ ಮಾದರಿಗಳು ಸಾಲವು, ತಿದ್ದುವ ಸಮಯದಲ್ಲೇ ಉಳಿತಾಯ ಕರಗಿಹೋಗುತ್ತದೆ. ದೊಡ್ಡದನ್ನೇ 'ಫಾಸ್ಟರ್-ವಿಸ್ಪರ್' ರೂಪದಲ್ಲಿ 8 ಬಿಟ್‌ಗೆ ಇಳಿಸಿ ಓಡಿಸಿ, ಇಲ್ಲವೇ ಮದ್ರಾಸ್ ಐಐಟಿಯ ಎಐ4ಭಾರತ್ ಭಾರತೀಯ ಭಾಷೆಗಳಿಗೆಂದೇ ಮಾಡಿದ ಮಾದರಿಗಳನ್ನು ಹತ್ತು ನಿಮಿಷದ ತುಣುಕಿನ ಮೇಲೆ ಪರೀಕ್ಷಿಸಿ ನೋಡಿ. ಇಡೀ ಸಂಗ್ರಹಕ್ಕೆ ಕೈಹಾಕುವ ಮೊದಲು ಈ ಹತ್ತು ನಿಮಿಷದ ಪರೀಕ್ಷೆ ತಪ್ಪಿಸಬೇಡಿ.

9. ಸ್ವಂತ ಯಂತ್ರವಿದ್ದರೆ ಅಳೆಯುವುದು

ಗೋಡೆಯ ಸಾಕೆಟ್ಟಿಗೂ ಕಂಪ್ಯೂಟರಿಗೂ ನಡುವೆ ಯೂನಿಟ್ ತೋರಿಸುವ ಪ್ಲಗ್ ಮೀಟರ್ ಅಥವಾ ಸ್ಮಾರ್ಟ್ ಪ್ಲಗ್ ಹಾಕಿ. ದೊಡ್ಡ ಜಿಪಿಯು ಇರುವ ಯಂತ್ರಕ್ಕೆ 16 ಆಂಪಿನದೇ ಇರಲಿ. ಲ್ಯಾಪ್‌ಟಾಪಾದರೆ ಬ್ಯಾಟರಿ ನೂರಕ್ಕೆ ತಲುಪಿದ ಮೇಲೆ ಅಳೆಯಿರಿ, ಇಲ್ಲದಿದ್ದರೆ ಚಾರ್ಜಿಂಗೂ ಸೇರಿಬಿಡುತ್ತದೆ. ಯುಪಿಎಸ್ ಇದ್ದರೆ ಮೀಟರನ್ನು ಅದರ ಆಚೆ, ಕಂಪ್ಯೂಟರಿನ ಕಡೆಗೆ ಹಾಕಿ. ಸುಮ್ಮನೆ ತೆರೆದಿಟ್ಟಾಗಿನ ವಾಟ್ ಒಮ್ಮೆ ಬರೆದುಕೊಂಡು, ಆಮೇಲೆ 20 ಚಿತ್ರ ಒಟ್ಟಿಗೆ ಮಾಡಿಸಿ ಸರಾಸರಿ ತೆಗೆಯಿರಿ. ಕಾರ್ಡಿನ ಜೊತೆ ಬರುವ ತಂತ್ರಾಂಶ ಎನ್‌ವಿಡಿಯಾ-ಎಸ್‌ಎಂಐ ತೋರಿಸುವುದು ಜಿಪಿಯು ಕಾರ್ಡಿನದನ್ನು ಮಾತ್ರ. 170 ವಾಟಿನ ಆರ್‌ಟಿಎಕ್ಸ್ 3060 ಇರುವ ಯಂತ್ರ ಒಟ್ಟು 250 ಎಳೆದು, ಒಂದು ಚಿತ್ರಕ್ಕೆ 20 ಸೆಕೆಂಡ್ ತೆಗೆದುಕೊಂಡರೆ 1.4 ವಾಟ್-ಅವರ್. ಪೈಥಾನ್ ಬಲ್ಲವರಿಗೆ ಕರೆಂಟು, ಇಂಗಾಲವನ್ನು ಅಂದಾಜಿಸುವ ಕೋಡ್‌ಕಾರ್ಬನ್ ಇದೆ.

450 ವಾಟಿನ ಆರ್‌ಟಿಎಕ್ಸ್ 4090 ಇದ್ದರೆ ಅದೇ ಎಸ್‌ಎಂಐಯಿಂದ 300ಕ್ಕೆ ಮಿತಿ ಹಾಕಿ. ವಿದ್ಯುತ್ ಮೂರನೇ ಒಂದು ಪಾಲು ಇಳಿದರೂ ವೇಗ ಅಷ್ಟು ಇಳಿಯುವುದಿಲ್ಲ, ಕಾರ್ಡೂ ತಣ್ಣಗಿರುತ್ತದೆ. ವರ್ಷಕ್ಕೆ ನಾಲ್ಕು ಪೋಸ್ಟರ್ ಮಾಡುವ ತಂಡ ಹೊಸ ಕಾರ್ಡ್ ಕೊಳ್ಳುವುದು ಮಾತ್ರ ಬೇಡ. ಅದನ್ನು ತಯಾರಿಸಿದ್ದರ ಹೊರೆಯನ್ನು ಆ ನಾಲ್ಕು ಪೋಸ್ಟರ್ ಎಂದೂ ತೀರಿಸಲಾರವು.

ಹೊತ್ತಿನ ವಿಚಾರದಲ್ಲಿ ಹೊರಗಿನ ಸಲಹೆಯನ್ನು ಹಾಗೇ ತರಬೇಡಿ. ರಾತ್ರಿ ಓಡಿಸಿ ಎಂದು ಬೇರೆಡೆ ಹೇಳುತ್ತಾರೆ. ಪಾವಗಡದಲ್ಲೊಂದೇ 2,050 ಮೆಗಾವಾಟ್ ಸೌರಶಕ್ತಿ ಇರುವ ಕರ್ನಾಟಕದಲ್ಲಿ ಬೆಳಿಗ್ಗೆ 10ರಿಂದ ಸಂಜೆ 4 ಒಳ್ಳೆಯ ಹೊತ್ತು. ಕತ್ತಲಾದ ಮೇಲೆ ಕಲ್ಲಿದ್ದಲಿನ ಪಾಲು ಏರುತ್ತದೆ. ಹೆಚ್ಚು ಹೊತ್ತು ಹಿಡಿಯುವ ಓಸಿಆರ್, ಧ್ವನಿ ಕೆಲಸವನ್ನು ಹಗಲಿಗೆ ಹಾಕಿ.

10. ಗ್ಯಾಲರಿಯಲ್ಲಿ ದಿನವಿಡೀ ಓಡುವ ಕೃತಿ

ಇನ್‌ಸ್ಟಲೇಷನ್ ಮಾಡುವವರು ಕೇಳಿಕೊಳ್ಳಬೇಕಾದದ್ದು ಇಷ್ಟೆ: ಚಿತ್ರ ಆ ಕ್ಷಣದಲ್ಲೇ ಹುಟ್ಟಬೇಕೇ? 2022-23ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೋಮಾದಲ್ಲಿದ್ದ ಕಲಾವಿದ ರೆಫಿಕ್ ಅನಾದೋಲ್ ಅವರ ಎಐ ಕೃತಿ ಸಭಾಂಗಣದ ಓಡಾಟಕ್ಕೂ ಹೊರಗಿನ ಹವೆಗೂ ಸ್ಪಂದಿಸುತ್ತಿತ್ತು. ಅಲ್ಲಿ ಲೈವ್ ಎಂಬುದೇ ಕೃತಿಯ ಜೀವ. ನೋಡುಗನಿಗೆ ಸ್ಪಂದಿಸದ ಕೃತಿಗೆ 450 ವಾಟಿನ ಕಾರ್ಡನ್ನು ದಿನಕ್ಕೆ 8 ಗಂಟೆ, 30 ದಿನ ಓಡಿಸಿದರೆ ಕಾರ್ಡಿಗೇ 108 ಯೂನಿಟ್. ಅರ್ಧ ಗಂಟೆಯ ಲೂಪನ್ನು ಮೊದಲೇ ರೆಂಡರ್ ಮಾಡಿಟ್ಟರೆ 10 ವಾಟಿನೊಳಗಿನ ರಾಸ್ಪ್‌ಬೆರಿ ಪೈ ಅದನ್ನು ಆಡಿಸುತ್ತದೆ, ತಿಂಗಳಿಗೆ 2.4 ಯೂನಿಟ್. ಲೈವ್ ಬೇಕೇ ಬೇಕೆನ್ನುವವರು ಚಲನೆಯ ಸೆನ್ಸರ್ ಹಾಕಿ, ಕೋಣೆಯಲ್ಲಿ ಜನರಿಲ್ಲದಾಗ ಕೆಲಸ ನಿಲ್ಲುವಂತೆ ಮಾಡಿ. ಪ್ರೊಜೆಕ್ಟರನ್ನೂ ಎಸಿಯನ್ನೂ ಲೆಕ್ಕಕ್ಕೆ ಸೇರಿಸಿ, ಕಾರ್ಡಿನ ಬಿಸಿಯನ್ನು ಹೊರಹಾಕುವುದು ಆ ಎಸಿಯೇ.

11. ಕರಪತ್ರದಲ್ಲಿ ಬರೆಯಿರಿ

ಇಂಗ್ಲೆಂಡಿನ ಆರ್ಟ್ಸ್ ಕೌನ್ಸಿಲ್ 2012ರಿಂದಲೇ ತಾನು ಹಣ ಕೊಡುವ ಸಂಸ್ಥೆಗಳಿಂದ ಪರಿಸರದ ಲೆಕ್ಕ ಕೇಳುತ್ತಿದೆ. ಯಾರೂ ಕೇಳದಿದ್ದರೂ ನಾವೇ ಕೊಡಬಹುದು. ಕರಪತ್ರದ ಕೊನೆಯಲ್ಲಿ, ಬೆಳಕು, ಪ್ರಸಾಧನ ಎಂದು ಹೆಸರು ಹಾಕುವಲ್ಲಿ, ಎರಡು ಸಾಲು ಸಾಕು: "ಪೋಸ್ಟರಿನ ಹಿನ್ನೆಲೆ ಚಿತ್ರಕ್ಕೆ ಎಐ ಬಳಸಿದೆ, 24 ಕರಡು, ಅಂದಾಜು 0.07 ಯೂನಿಟ್. ಶೀರ್ಷಿಕೆ ಕೈಬರಹ. ವಿಡಿಯೊಗೆ ಎಐ ಬಳಸಿಲ್ಲ." ಯಾವ ಅಂಕಿಯಿಂದ ಗುಣಿಸಿದ್ದೆಂದು ಪಟ್ಟಿಯಲ್ಲಿ ಇರಲಿ, ಕೇಳಿದವರಿಗೆ ತೋರಿಸಲು ಆಗುತ್ತದೆ. ಹೊಸ ಆವೃತ್ತಿಗಳು ಬಂದಂತೆ ಗುಣಕಗಳು ಬದಲಾಗುತ್ತವೆ. ಆರು ತಿಂಗಳಿಗೊಮ್ಮೆ ಅವನ್ನು ತಿದ್ದಿ, ಆದರೆ ಹಳೆಯ ಪ್ರಯೋಗಗಳ ಲೆಕ್ಕವನ್ನು ಆಗಿನ ಗುಣಕದಲ್ಲೇ ಉಳಿಸಿ.